ಒಂದು ಕಣ್ಣು ಮುಚ್ಚಿ ಆಡುವ ಆಟ

ಎಪ್ಪತ್ತು ದಾಟಿದ ಅಮ್ಮ ಒಬ್ಬರು ಕನ್ನಡಕದ ನಂಬರ್ ನೋಡಿಸಲು ಬಂದಿದ್ದರು. ಬೇರೆ ತೊಂದರೆ ಏನೂ ಇಲ್ಲ ಅಂದರು. ದಿನಾ ಪೇಪರ್ ಓದುತ್ತಾರೆ, ಅಕ್ಕಿ ಆರಿಸುತ್ತಾರೆ, ಮೊಮ್ಮಗನ ಮೊಬೈಲಿನಲ್ಲಿ ಬಣ್ಣ ಜೋಡಿಸುವ ಆಟ ಆಡುತ್ತಾರೆ. ಎಡಗಣ್ಣು ಮುಚ್ಚಿಸಿ ಕಿಟಕಿ ನೋಡಲು ಹೇಳಿದೆ. "ಡಾಕ್ಟ್ರೇ, ಈ ಸರಳು ಬಗ್ಗಿದೆಯಲ್ಲಾ?" ಅಂದರು.

ಸರಳು ನೆಟ್ಟಗೇ ಇತ್ತು. ಬಲಗಣ್ಣಿನ ಒಳಪರದೆಯ (ರೆಟಿನಾ) ನಡುಭಾಗದಲ್ಲಿ, ಅಂದರೆ ಮ್ಯಾಕುಲಾದಲ್ಲಿ, ನೀರು ಸೇರಿಕೊಂಡಿತ್ತು. ಯಾವಾಗಿನಿಂದ ಅಂತ ಅವರಿಗೆ ಗೊತ್ತೇ ಇಲ್ಲ. ಎಡಗಣ್ಣು ಇಬ್ಬರ ಕೆಲಸವನ್ನೂ ಒಬ್ಬನೇ ತೂಗಿಸಿಕೊಂಡು ಹೋಗುತ್ತಿತ್ತು.

ವಯಸ್ಸಾದ ಮೇಲೆ ಬರುವ ಮ್ಯಾಕುಲಾ ಸವೆತದಲ್ಲಿ ಒಣ ಬಗೆ, ಒದ್ದೆ ಬಗೆ ಅಂತ ಎರಡಿವೆ. ಒದ್ದೆ ಬಗೆಯಲ್ಲಿ ಪರದೆಯ ಕೆಳಗೆ ಬೇಡದ ರಕ್ತನಾಳಗಳು ಬೆಳೆದು ಸೋರುತ್ತವೆ. ಕಣ್ಣಿಗೆ ಕೊಡುವ ಇಂಜೆಕ್ಷನ್ ಇದನ್ನು ತಡೆಯುತ್ತದೆ. ಆದರೆ ಕಲೆ ಕಟ್ಟಿದ ಮೇಲೆ ಹೋದ ದೃಷ್ಟಿ ಮರಳುವುದು ಕಷ್ಟ. ಹಾಗಾಗಿ ಬೇಗ ಗೊತ್ತಾಗಬೇಕು, ಅದೂ ಮನೆಯಲ್ಲೇ.

ಸ್ವಿಸ್ ವೈದ್ಯ ಮಾರ್ಕ್ ಆಮ್ಸ್ಲರ್ ಇದಕ್ಕೆಂದೇ 1940ರ ದಶಕದಲ್ಲಿ ಚೌಕಗಳ ಹಾಳೆಯೊಂದನ್ನು ಬಳಕೆಗೆ ತಂದರು. ನಡುವಿನ ಚುಕ್ಕಿ ನೋಡಬೇಕು, ಸುತ್ತಲಿನ ಗೆರೆ ಡೊಂಕಾಗಿದೆಯಾ ಗಮನಿಸಬೇಕು. ನಾನೂ ಎಲ್ಲರಿಗೂ ಕೊಡುತ್ತೇನೆ. ಫ್ರಿಜ್ ಬಾಗಿಲಿಗೆ ಅಂಟಿಸುತ್ತಾರೆ. ಎರಡು ತಿಂಗಳಾದ ಮೇಲೆ ಅದರ ಮೇಲೆ ಹಾಲಿನ ಲೆಕ್ಕ ಇರುತ್ತದೆ! ಅವರನ್ನು ದೂರುವುದಿಲ್ಲ. ದಿನವೂ ಅದೇ ಗೆರೆ ನೋಡುವುದು ಬೇಜಾರು, ಅಲ್ವಾ?

ಆಟ ಉಪಯೋಗಕ್ಕೆ ಬರುವುದು ಇಲ್ಲೇ. ಪ್ಯಾರಿಸ್‌ನ ಟಿಲಕ್ ಹೆಲ್ತ್‌ಕೇರ್ ಕಂಪನಿ ರೂಪಿಸಿದ 'ಒಡಿಸೈಟ್' ಆ್ಯಪ್ ಇಂಥದ್ದು. ದೃಷ್ಟಿ ಪರೀಕ್ಷೆಯ ಜೊತೆಗೆ ಒಗಟಿನ ಆಟ ಇರುತ್ತದೆ, ಫಲಿತಾಂಶ ಡಾಕ್ಟರಿಗೆ ಹೋಗುತ್ತದೆ. ಆಟದ ಆಸೆಗಾದರೂ ಜನ ಮತ್ತೆ ಮತ್ತೆ ಪರೀಕ್ಷೆ ಮಾಡಿಕೊಳ್ಳಲಿ ಅಂತ.

ನಮ್ಮ ಕಣ್ಣಿಗೆ ಇನ್ನೊಂದು ಚಂದದ ಶಕ್ತಿ ಇದೆ. ಸಾಲಿನಲ್ಲಿ ಒಂದು ಚುಕ್ಕಿ ಕೂದಲೆಳೆಯಷ್ಟು ಆಚೀಚೆ ಆದರೂ ಅದು ಹಿಡಿಯುತ್ತದೆ. ರಂಗೋಲಿ ಇಡುವವರನ್ನು ಕೇಳಿ, ಹೇಳುತ್ತಾರೆ. ಅಮೆರಿಕದಲ್ಲಿ ಇದೇ ಶಕ್ತಿಯನ್ನು ಬಳಸುವ ಮನೆ ಯಂತ್ರವನ್ನು ಸುಮಾರು 1,500 ಜನರಲ್ಲಿ ಪರೀಕ್ಷಿಸಿ, 2014ರಲ್ಲಿ ಫಲಿತಾಂಶ ಪ್ರಕಟಿಸಿದರು. ಒದ್ದೆ ಬಗೆ ಪತ್ತೆಯಾಗುವ ಹೊತ್ತಿಗೆ ಯಂತ್ರ ಬಳಸಿದವರು ಚಾರ್ಟಿನಲ್ಲಿ ಸುಮಾರು 4 ಅಕ್ಷರ ಕಳೆದುಕೊಂಡಿದ್ದರು, ಉಳಿದವರು 9. ಅದು ಆಟವಲ್ಲ. ಆದರೆ ಚುಕ್ಕಿ ರಂಗೋಲಿಯ ರೂಪದಲ್ಲಿ ಯಾರಾದರೂ ಅದನ್ನು ಆಟ ಮಾಡಿದರೆ ನಮ್ಮ ಅಮ್ಮಂದಿರು ಬಿಡದೆ ಆಡುತ್ತಾರೆ ಅಂತ ನನಗೆ ಬಲವಾಗಿ ಅನಿಸುತ್ತದೆ.

ಆಟ ಮಾಡುವವರು ನೆನಪಿಡಬೇಕಾದ್ದು ಕೆಲವು ಇವೆ. ವಯಸ್ಸಾದವರ ಒಣ ಬೆರಳಿಗೆ ಸ್ಕ್ರೀನ್ ಬೇಗ ಸ್ಪಂದಿಸುವುದಿಲ್ಲ. ಗಡಿಯಾರ ಓಡಿಸಿದರೆ ಕಣ್ಣಿನ ಬದಲು ಕೈಯ ಚುರುಕನ್ನು ಅಳೆದಂತೆ. ಮೊದಮೊದಲು ಸ್ಕೋರ್ ಏರುವುದು ಆಟ ರೂಢಿಯಾಗಿದ್ದಕ್ಕೆ, ದೃಷ್ಟಿ ಸುಧಾರಿಸಿದ್ದಕ್ಕಲ್ಲ. ಆಮೇಲೆ ಸ್ಕೋರ್ ಇಳಿಯುತ್ತಾ ಎಂಬುದನ್ನೇ ನಾನು ನೋಡುವುದು. ಸ್ಕೋರ್ ಚೆನ್ನಾಗಿದೆ ಅಂತ ತಪಾಸಣೆ ತಪ್ಪಿಸಲೂಬಾರದು. ಕಣ್ಣಿನ ನರ ಹಾಳುಮಾಡುವ ಗ್ಲಾಕೋಮಾ ಕಾಯಿಲೆ ಸಾಮಾನ್ಯವಾಗಿ ಅಂಚಿನ ದೃಷ್ಟಿಯಿಂದ ಕದಿಯಲು ಶುರು ಮಾಡುತ್ತದೆ, ನಡುಭಾಗ ನೋಡುವ ಆಟಕ್ಕೆ ಅದು ಸಿಗುವುದಿಲ್ಲ.

ಆ ಅಮ್ಮ ಈಗ ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದಾರೆ. ಮನೆಯಲ್ಲೂ ನೋಡಿಕೊಳ್ಳುತ್ತಾರೆ, ಓದುವ ಕನ್ನಡಕ ಹಾಕಿ, ಒಂದೊಂದೇ ಕಣ್ಣಿನಲ್ಲಿ. ಮೊದಲ ಸಲ ಸೆರಗಿನಿಂದ ಕಣ್ಣು ಮುಚ್ಚಿದ್ದರು. ತೆಳು ಸೀರೆ, ಎಲ್ಲ ಕಾಣುತ್ತದೆ. ಅಂಗೈ ಬಟ್ಟಲು ಮಾಡಿ, ಕಣ್ಣನ್ನು ಒತ್ತದೆ ಮುಚ್ಚುವುದನ್ನು ತೋರಿಸಿಕೊಟ್ಟೆ. ನೀವೂ ಇವತ್ತು ಸಂಜೆ ಹಾಗೇ ಮುಚ್ಚಿಕೊಂಡು ಬಾಗಿಲ ಚೌಕಟ್ಟು ನೋಡಿ. ಡೊಂಕಾಗಿ ಕಂಡರೆ ಹಬ್ಬ ಮುಗಿಯಲಿ, ಮಗ ಊರಿಂದ ಬರಲಿ ಅಂತ ಕಾಯಬೇಡಿ. ನಾಳೆ ಬೆಳಿಗ್ಗೆಯೇ ಕಣ್ಣಿನ ಡಾಕ್ಟರ ಹತ್ತಿರ ಹೋಗಿ.