ಲಾಸ್ಟ್ ಕಾಸ್: ಸೋತ ಯುದ್ಧಕ್ಕೆ ಕಟ್ಟಿದ ನೆನಪು

ಅಮೆರಿಕದ ಅಂತರ್ಯುದ್ಧದಲ್ಲಿ ಸೋತ ದಕ್ಷಿಣದ ಬಿಳಿಯರು ಆ ಸೋಲನ್ನು ಹೇಗೆ ನೆನಪಿಟ್ಟುಕೊಂಡರು ಎಂಬುದಕ್ಕೆ ಇತಿಹಾಸಕಾರರು ಬಳಸುವ ಹೆಸರು 'ಲಾಸ್ಟ್ ಕಾಸ್', ಅಂದರೆ ಸೋತುಹೋದ ಧ್ಯೇಯ. ಆ ನೆನಪಿನ ಕಥೆ ಹೀಗಿದೆ: ನಾವು ಹೋರಾಡಿದ್ದು ರಾಜ್ಯಗಳ ಹಕ್ಕಿಗಾಗಿ, ಗುಲಾಮಗಿರಿಗಾಗಿ ಅಲ್ಲ. ನಮ್ಮ ಸೈನಿಕರು ಧೈರ್ಯದಲ್ಲಿ ಸೋಲಲಿಲ್ಲ, ಬರೀ ಸಂಖ್ಯೆಯಲ್ಲಿ ಸೋತರು. ನಮ್ಮ ಗುಲಾಮರು ಸುಖವಾಗಿದ್ದರು, ಒಡೆಯರಿಗೆ ನಿಷ್ಠರಾಗಿದ್ದರು. ಪತ್ರಕರ್ತ ಎಡ್ವರ್ಡ್ ಪೊಲಾರ್ಡ್ 1866ರಲ್ಲಿ ಯುದ್ಧದ ಬಗ್ಗೆ ಬರೆದ ಪುಸ್ತಕಕ್ಕೆ ಈ ಹೆಸರಿಟ್ಟ. ಹೆಸರು ಹಾಗೇ ನಿಂತುಬಿಟ್ಟಿತು.

ಯುದ್ಧದ ಕಥೆ ಚಿಕ್ಕದಾಗಿ ಹೇಳಿಬಿಡುತ್ತೇನೆ. 1860–61ರಲ್ಲಿ ದಕ್ಷಿಣದ 11 ರಾಜ್ಯಗಳು ಅಮೆರಿಕದಿಂದ ಬೇರೆಯಾಗಿ 'ಕಾನ್ಫೆಡರಸಿ' ಎಂಬ ತಮ್ಮದೇ ಒಕ್ಕೂಟ ಕಟ್ಟಿಕೊಂಡವು. ನಾಲ್ಕು ವರ್ಷ ಯುದ್ಧ ನಡೆಯಿತು. 1865ರ ಏಪ್ರಿಲ್ 9ರಂದು ವರ್ಜೀನಿಯಾದ ಅಪೊಮ್ಯಾಟಕ್ಸ್‌ನಲ್ಲಿ ಕಾನ್ಫೆಡರಸಿಯ ಜನರಲ್ ರಾಬರ್ಟ್ ಲೀ ಶರಣಾದ. ದಕ್ಷಿಣದ ಹತ್ತಿ ಹೊರಗೆ ಹೋಗುವುದು ನಿಂತ ಆ ವರ್ಷಗಳಲ್ಲಿ ಇಂಗ್ಲೆಂಡಿನ ಮಿಲ್ಲುಗಳ ಕಣ್ಣು ನಮ್ಮ ಧಾರವಾಡದ ಹತ್ತಿಯ ಮೇಲೆ ಬಿದ್ದಿತ್ತು. ಆ ಹತ್ತಿ ಸಾಗಿಸಲೆಂದೇ ಕಾರವಾರ ಬಂದರಿನ ಬಗ್ಗೆ ದೊಡ್ಡ ಲೆಕ್ಕಾಚಾರ ನಡೆದಿತ್ತು. ನಮಗೂ ಆ ಯುದ್ಧಕ್ಕೂ ಇದ್ದ ನಂಟು ಇಷ್ಟು.

ಯುದ್ಧ ಯಾಕಾಯಿತು ಎಂದು ತಿಳಿಯಲು ಊಹೆ ಬೇಕಿಲ್ಲ. ಬೇರೆಯಾದವರೇ ಬರೆದಿಟ್ಟಿದ್ದಾರೆ. ಗುಲಾಮಗಿರಿಯ ಹಿತವೇ ನಮ್ಮ ಹಿತ ಎಂದು ಮಿಸ್ಸಿಸ್ಸಿಪ್ಪಿ ರಾಜ್ಯ ಬೇರೆಯಾಗುವ ತನ್ನ ಘೋಷಣೆಯ ಆರಂಭದಲ್ಲೇ ಹೇಳಿಕೊಂಡಿತು. ಕಾನ್ಫೆಡರಸಿಯ ಉಪಾಧ್ಯಕ್ಷ ಅಲೆಕ್ಸಾಂಡರ್ ಸ್ಟೀಫನ್ಸ್ 1861ರ ಮಾರ್ಚ್ 21ರಂದು ಸವಾನಾ ಊರಿನ ಸಭೆಯಲ್ಲಿ, ಕಪ್ಪು ಮನುಷ್ಯ ಬಿಳಿಯನಿಗೆ ಸಮನಲ್ಲ ಎಂಬುದೇ ನಮ್ಮ ಹೊಸ ಸರ್ಕಾರದ ಮೂಲೆಗಲ್ಲು ಎಂದ. ಯುದ್ಧಕ್ಕೆ ಮುಂಚೆ ಇದನ್ನು ಯಾರೂ ಮುಚ್ಚಿಡಲಿಲ್ಲ. ಮುಚ್ಚಿಡುವ ಕೆಲಸ ಶುರುವಾದದ್ದು ಸೋತ ಮೇಲೆ.

ಆದರೆ ಆ ಕೆಲಸ ಸುಳ್ಳಿನಿಂದ ಶುರುವಾಗಲಿಲ್ಲ, ಗೋರಿಗಳಿಂದ ಶುರುವಾಯಿತು. ಇದನ್ನು ಬಿಟ್ಟು ಮುಂದೆ ಹೋದರೆ ಆ ಜನರಿಗೆ ಅನ್ಯಾಯವಾಗುತ್ತದೆ.

ಯುದ್ಧ ಮುಗಿದಾಗ ದಕ್ಷಿಣದ ಲಕ್ಷಾಂತರ ಸೈನಿಕರು ಸತ್ತಿದ್ದರು. ಎಷ್ಟೋ ಹೆಣಗಳು ಹೊಲಗಳಲ್ಲಿ, ರಸ್ತೆ ಬದಿಯಲ್ಲಿ ಅರೆಬರೆ ಹೂತುಹೋಗಿದ್ದವು. ಗೆದ್ದ ಕೇಂದ್ರ ಸರ್ಕಾರ ತನ್ನ ಕಡೆಯ ಮೂರು ಲಕ್ಷ ಸೈನಿಕರನ್ನು ಹುಡುಕಿ ತೆಗೆದು ಹೊಸ ರಾಷ್ಟ್ರೀಯ ಸ್ಮಶಾನಗಳಲ್ಲಿ ಮಣ್ಣು ಮಾಡಿತು. ಸೋತವರ ಹೆಣಗಳಿಗೆ ಅಲ್ಲಿ ಜಾಗವಿರಲಿಲ್ಲ. ಆಗ ಊರೂರಿನ ಹೆಂಗಸರು ಸೇರಿ 'ಲೇಡೀಸ್ ಮೆಮೋರಿಯಲ್ ಅಸೋಸಿಯೇಷನ್' ಕಟ್ಟಿಕೊಂಡರು. ಗಂಡಸರು ಯಾಕಿಲ್ಲ ಅಂತೀರಾ? ಊರಲ್ಲಿ ಗೆದ್ದವರ ಸೈನ್ಯ ಬೀಡುಬಿಟ್ಟಿತ್ತು. ಮಾಜಿ ಸೈನಿಕರು ಗುಂಪು ಸೇರಿದರೆ ಮತ್ತೆ ದಂಗೆ ಎಂದು ಅನುಮಾನ ಬರುತ್ತಿತ್ತು. ತಾಯಂದಿರು, ವಿಧವೆಯರು ಹೂವು ಹಿಡಿದು ಸ್ಮಶಾನಕ್ಕೆ ಹೋದರೆ ತಡೆಯುವವರಿರಲಿಲ್ಲ.

ರಿಚ್ಮಂಡ್ ಊರಿನ ಹಾಲಿವುಡ್ ಸ್ಮಶಾನ ಇದಕ್ಕೆ ಒಳ್ಳೆಯ ಉದಾಹರಣೆ. ಸುಮಾರು 18,000 ಕಾನ್ಫೆಡರೇಟ್ ಸೈನಿಕರು ಅಲ್ಲಿ ಮಣ್ಣಾಗಿದ್ದಾರೆ. ಅಲ್ಲಿನ ಹೆಂಗಸರು 1867ರಲ್ಲಿ ಬಜಾರ್ ನಡೆಸಿ ದುಡ್ಡು ಕೂಡಿಸಿದರು. 1869ಕ್ಕೆ 90 ಅಡಿ ಎತ್ತರದ ಗ್ರಾನೈಟ್ ಪಿರಮಿಡ್ ಎದ್ದಿತು. ಗಾರೆ ಇಲ್ಲ, ಕಲ್ಲಿನ ಮೇಲೆ ಕಲ್ಲು. ಅಷ್ಟಕ್ಕೇ ಸುಮ್ಮನಾಗಲಿಲ್ಲ. ಉತ್ತರದ ಗೆಟ್ಟಿಸ್‌ಬರ್ಗ್‌ನಲ್ಲಿ ಬಿದ್ದಿದ್ದ ಸುಮಾರು 3,000 ಮಂದಿಯ ಮೂಳೆಗಳನ್ನು 1872–73ರಲ್ಲಿ ಪೆಟ್ಟಿಗೆಗಳಲ್ಲಿ ತರಿಸಿ ಅಲ್ಲೇ ಹೂಳಿಸಿದರು. ಆ ಹುಡುಗರು ಯಾವುದಕ್ಕಾಗಿ ಹೋರಾಡಿದರು ಎಂಬುದು ಬೇರೆ ಮಾತು. ಮಗನ ಹೆಣ ಎಲ್ಲಿದೆ ಅಂತಲೇ ಗೊತ್ತಿಲ್ಲದ ತಾಯಿಯ ಸಂಕಟ ನನಗೆ ಅರ್ಥವಾಗುತ್ತದೆ.

ಗೋರಿಗೆ ಹೂವಿಟ್ಟವರು ಇವರೊಬ್ಬರೇ ಅಲ್ಲ. ಇವರಿಗಿಂತ ಮುಂಚೆ, 1865ರ ಮೇ 1ರಂದು, ದಕ್ಷಿಣ ಕೆರೊಲಿನಾದ ಚಾರ್ಲ್ಸ್‌ಟನ್‌ನಲ್ಲಿ ಆಗಷ್ಟೇ ಬಿಡುಗಡೆಯಾಗಿದ್ದ ಕಪ್ಪು ಜನ ದೊಡ್ಡ ಮೆರವಣಿಗೆ ಮಾಡಿದ್ದರು. ಅಲ್ಲಿನ ಕುದುರೆ ರೇಸ್ ಮೈದಾನವನ್ನು ಕಾನ್ಫೆಡರಸಿ ಯುದ್ಧ ಕೈದಿಗಳ ಜೈಲು ಮಾಡಿಕೊಂಡಿತ್ತು. ಸತ್ತ 257 ಕೈದಿಗಳನ್ನು ಸಾಲುಗುಂಡಿಗಳಲ್ಲಿ ಹಾಕಿದ್ದರು. ಕಪ್ಪು ಕೆಲಸಗಾರರು ಆ ಹೆಣಗಳನ್ನು ತೆಗೆದು ಒಂದೊಂದಕ್ಕೂ ಗೋರಿ ಮಾಡಿ ಸುತ್ತ ಬೇಲಿ ಹಾಕಿದರು. ಸುಮಾರು 10,000 ಜನ ಬಂದಿದ್ದರು, ಶಾಲೆಯ ಮಕ್ಕಳು ಗುಲಾಬಿ ಹಿಡಿದು ಮುಂದೆ ನಡೆದರು. ಊರಿನ ನೆನಪಿನಿಂದ ಈ ದಿನ ಹೆಚ್ಚುಕಡಿಮೆ ಅಳಿಸಿಹೋಗಿತ್ತು. ಇತಿಹಾಸಕಾರ ಡೇವಿಡ್ ಬ್ಲೈಟ್ ಹಳೇ ಕಾಗದಗಳಲ್ಲಿ ಅದನ್ನು ಹುಡುಕಿ ತೆಗೆದರು. ಒಂದು ಕಡೆಯ ಹೂವಿಗೆ ಕಲ್ಲುಕಂಬ ಬಂತು, ಇನ್ನೊಂದು ಕಡೆಯದು ಮರೆತೇಹೋಯಿತು. ಯಾರ ಕೈಯಲ್ಲಿ ಊರಿನ ಅಧಿಕಾರ ಇತ್ತೋ ಅವರ ನೆನಪೇ ಉಳಿಯಿತು.

1890ರ ದಶಕದಲ್ಲಿ ಎಲ್ಲ ಬದಲಾಯಿತು. 1894ರ ಸೆಪ್ಟೆಂಬರ್ 10ರಂದು ಟೆನಿಸಿಯ ನ್ಯಾಶ್ವಿಲ್‌ನಲ್ಲಿ 'ಯುನೈಟೆಡ್ ಡಾಟರ್ಸ್ ಆಫ್ ದಿ ಕಾನ್ಫೆಡರಸಿ' ಹುಟ್ಟಿತು. ಅಲ್ಲಿನವರು ಕರೆಯುವುದು ಯುಡಿಸಿ ಅಂತ. ಕಾನ್ಫೆಡರೇಟ್ ಸೈನಿಕರ ಮನೆಯ, ವಂಶದ ಹೆಂಗಸರಿಗೆ ಸದಸ್ಯತ್ವ. ಎರಡು ವರ್ಷಕ್ಕೆ ಗಂಡುಮಕ್ಕಳ ಸಂಘವೂ ಬಂತು: 'ಸನ್ಸ್ ಆಫ್ ಕಾನ್ಫೆಡರೇಟ್ ವೆಟರನ್ಸ್'. ಮೊದಲ ಮಹಾಯುದ್ಧದ ಹೊತ್ತಿಗೆ ಯುಡಿಸಿಯ ಸದಸ್ಯರು ಒಂದು ಲಕ್ಷದ ಹತ್ತಿರ ಇದ್ದರು. ಚಿಕ್ಕ ಚಿಕ್ಕ ಊರಿನಲ್ಲೂ ಒಂದು ಶಾಖೆ. ಶಾಖೆಯ ಕೆಲಸ ವರ್ಷವಿಡೀ ಇರುತ್ತಿತ್ತು. ಮುದಿ ಸೈನಿಕರಿಗೆ, ವಿಧವೆಯರಿಗೆ ನೆರವು. ಮಾಜಿ ಸೈನಿಕರಿಗೆ 'ಸದರ್ನ್ ಕ್ರಾಸ್ ಆಫ್ ಆನರ್' ಎಂಬ ಪದಕ. ಏಪ್ರಿಲ್ 26ಕ್ಕೋ ಮೇ 10ಕ್ಕೋ ಸ್ಮರಣೆ ದಿನ, ಗೋರಿಗೆ ಪುಟ್ಟ ಬಾವುಟ. ಜತೆಗೆ ಪ್ರತಿಮೆ.

ಗೋರಿ ಇದ್ದದ್ದು ಸ್ಮಶಾನದಲ್ಲಿ. ಪ್ರತಿಮೆ ಬಂದದ್ದು ಕೋರ್ಟಿನ ಮುಂದೆ. ಜಾಗ ಬದಲಾದಾಗ ಅರ್ಥವೂ ಬದಲಾಗುತ್ತದೆ ಅಲ್ವಾ? ಪ್ರತಿಮೆಗಳು ಅತಿ ಹೆಚ್ಚು ಎದ್ದದ್ದು ಯುದ್ಧ ಮುಗಿದ ಕೂಡಲೇ ಅಲ್ಲ, 1900ರಿಂದ 1920ರ ನಡುವೆ. ಅದೇ ಕಾಲದಲ್ಲಿ ದಕ್ಷಿಣದ ರಾಜ್ಯಗಳು ಕಪ್ಪು ಜನರ ಮತದ ಹಕ್ಕು ಕಿತ್ತುಕೊಂಡವು. ರೈಲು, ಶಾಲೆ, ನೀರಿನ ನಲ್ಲಿ ಎಲ್ಲ ಬೇರೆ ಬೇರೆ ಮಾಡಿದವು. 1896ರಲ್ಲಿ ಸುಪ್ರೀಂ ಕೋರ್ಟು ಅದಕ್ಕೆ ಸೈ ಅಂದಿತ್ತು. ನ್ಯಾಯ ಕೇಳಿಕೊಂಡು ಕೋರ್ಟಿನ ಮೆಟ್ಟಿಲು ಹತ್ತುವ ಕಪ್ಪು ಮನುಷ್ಯ ಮೊದಲು ನೋಡಬೇಕಾದದ್ದು ತನ್ನನ್ನು ಗುಲಾಮನಾಗಿ ಉಳಿಸಲು ಹೋರಾಡಿದ ಸೈನ್ಯದ ಸಿಪಾಯಿಯನ್ನು.

ಇಷ್ಟಾದರೂ ನನ್ನ ಪ್ರಕಾರ ಯುಡಿಸಿಯ ದೊಡ್ಡ ಕೆಲಸ ಪ್ರತಿಮೆಯಲ್ಲ, ಪಠ್ಯಪುಸ್ತಕ. ಪ್ರತಿಮೆಯನ್ನು ಒಂದು ದಿನ ಕ್ರೇನ್ ತಂದು ಇಳಿಸಬಹುದು. ಹತ್ತು ವರ್ಷದ ಮಗುವಿನ ತಲೆಗೆ ಹೋದದ್ದನ್ನು ಹೇಗೆ ಇಳಿಸುತ್ತೀರಿ? ಜಾರ್ಜಿಯಾದ ಆಥೆನ್ಸ್ ಊರಿನ ಮಿಲ್ಡ್ರೆಡ್ ಲೂಯಿಸ್ ರುದರ್‌ಫೋರ್ಡ್ 1911ರಿಂದ 1916ರವರೆಗೆ ಈ ಸಂಘದ ಮುಖ್ಯ ಇತಿಹಾಸಕಾರ್ತಿ. ಶಾಲೆಯ ಪುಸ್ತಕಗಳನ್ನು ಅಳೆಯಲು ಆಕೆ ಒಂದು ಕೈಪಿಡಿಯನ್ನೇ ಬರೆದರು. ದಕ್ಷಿಣದವರು ಗುಲಾಮರನ್ನು ಉಳಿಸಿಕೊಳ್ಳಲು ಹೋರಾಡಿದರು ಎಂದು ಪುಸ್ತಕ ಹೇಳಿದರೆ ಅದು ಬೇಡ. ಒಡೆಯರು ಕ್ರೂರಿಗಳು ಎಂದರೆ ಬೇಡ. ನಮ್ಮ ಸೈನಿಕ ದ್ರೋಹಿ ಎಂದರೂ ಬೇಡ. ಊರಿನ ಶಾಖೆಗಳು ಈ ಅಳತೆ ಹಿಡಿದು ಶಾಲಾ ಮಂಡಳಿಗಳ ಬಾಗಿಲು ತಟ್ಟಿದವು. ಪುಸ್ತಕದ ಕಂಪನಿಗಳಿಗೆ ದಕ್ಷಿಣದ ಮಾರುಕಟ್ಟೆ ಬಿಟ್ಟುಕೊಡುವ ಮನಸ್ಸಿರಲಿಲ್ಲ. ಅಂತೂ ಪಾಠ ಬದಲಾಯಿತು.

ಮಕ್ಕಳಿಗೆಂದೇ ಬೇರೆ ಕೂಟ ಇತ್ತು, 'ಚಿಲ್ಡ್ರನ್ ಆಫ್ ದಿ ಕಾನ್ಫೆಡರಸಿ'. ಚರ್ಚಿನಲ್ಲಿ ಬೈಬಲ್ ಪಾಠ ಬಾಯಿಪಾಠ ಮಾಡಿಸುವ ಹಾಗೆ ಅಲ್ಲಿ ಪ್ರಶ್ನೋತ್ತರ ಮಾಡಿಸುತ್ತಿದ್ದರು. 1904ರಲ್ಲಿ ಟೆಕ್ಸಾಸ್‌ನಲ್ಲಿ ಬಂದ ಅಂಥದ್ದೊಂದು ಪುಸ್ತಿಕೆಯಲ್ಲಿ, ಗುಲಾಮರನ್ನು ಹೇಗೆ ನೋಡಿಕೊಳ್ಳುತ್ತಿದ್ದರು ಎಂಬ ಪ್ರಶ್ನೆ ಇದೆ. ಬಹಳ ದಯೆಯಿಂದ, ಕ್ರೂರ ಒಡೆಯ ಸಿಗುವುದೇ ಅಪರೂಪ ಎಂಬುದು ಮಗು ಒಪ್ಪಿಸಬೇಕಾದ ಉತ್ತರ. ಯುದ್ಧ ನೋಡದ, ಗುಲಾಮರನ್ನು ನೋಡದ ಮಕ್ಕಳು ಇವು. ಅವು ದೊಡ್ಡವರಾಗಿ ಮೇಷ್ಟರಾದವು, ಜಡ್ಜರಾದವು, ಶಾಸಕರಾದವು.

ಒಂದು ಪ್ರತಿಮೆಯನ್ನು ಹತ್ತಿರದಿಂದ ನೋಡೋಣ. ಉತ್ತರ ಕೆರೊಲಿನಾದ ಚಾಪೆಲ್ ಹಿಲ್ ವಿಶ್ವವಿದ್ಯಾಲಯದ ಅಂಗಳದಲ್ಲಿ 'ಸೈಲೆಂಟ್ ಸ್ಯಾಮ್' ಅಂತ ಒಬ್ಬ ಕಂಚಿನ ಸಿಪಾಯಿ ಇದ್ದ. ಕೈಯಲ್ಲಿ ಬಂದೂಕಿದೆ, ಸೊಂಟದಲ್ಲಿ ಗುಂಡಿನ ಪೆಟ್ಟಿಗೆ ಇಲ್ಲ. ಗುಂಡು ಹಾರಿಸಲಾರ, ಅದಕ್ಕೇ ಆ ಹೆಸರು. ಯುದ್ಧಕ್ಕೆ ಹೋದ ವಿದ್ಯಾರ್ಥಿಗಳ ನೆನಪಿಗೆ ಎಂದು ಯುಡಿಸಿಯ ರಾಜ್ಯ ಘಟಕ ಮತ್ತು ಹಳೇ ವಿದ್ಯಾರ್ಥಿಗಳು ಸೇರಿ ಇದನ್ನು ಮಾಡಿಸಿದರು. 1913ರ ಜೂನ್ 2ರಂದು ಅನಾವರಣ. ಅಂದು ಭಾಷಣ ಮಾಡಿದವರಲ್ಲಿ ಜೂಲಿಯನ್ ಕಾರ್ ಒಬ್ಬ, ಪಕ್ಕದ ಡರ್ಹಮ್ ಊರಿನ ದೊಡ್ಡ ಉದ್ಯಮಿ, ಮಾಜಿ ಸೈನಿಕ. ಯುದ್ಧ ಮುಗಿದ ಮೇಲೂ ನಮ್ಮ ಸೈನಿಕರು ದಕ್ಷಿಣದಲ್ಲಿ ಬಿಳಿ ಜನಾಂಗವನ್ನು ಉಳಿಸಿದರು ಎಂದು ಹೊಗಳಿದ. ಮುಂದುವರಿದು ತನ್ನದೇ ಒಂದು ಕಥೆ ಹೇಳಿದ. ಯುದ್ಧದಿಂದ ಮರಳಿದ ಹೊಸತರಲ್ಲಿ, ನಾವೀಗ ನಿಂತಿರುವ ಈ ಜಾಗದಿಂದ ನೂರು ಗಜ ದೂರದಲ್ಲಿ, ಬಿಳಿ ಹೆಂಗಸೊಬ್ಬಳನ್ನು ಅವಮಾನಿಸಿದ ಕಪ್ಪು ಹೆಂಗಸನ್ನು ಅವಳ ಲಂಗ ಚಿಂದಿಯಾಗುವವರೆಗೆ ಚಾವಟಿಯಿಂದ ಹೊಡೆದೆ ಎಂದ. ತುಂಬಿದ ಸಭೆಯಲ್ಲಿ, ಹೆಮ್ಮೆಯಿಂದ ಹೇಳಿದ ಮಾತು ಇದು. ಭಾಷಣದ ಪ್ರತಿ ಅದೇ ವಿಶ್ವವಿದ್ಯಾಲಯದ ದಾಖಲೆಗಳಲ್ಲಿ ಹತ್ತಿರ ಹತ್ತಿರ ನೂರು ವರ್ಷ ಯಾರ ಗಮನಕ್ಕೂ ಬಾರದೆ ಬಿದ್ದಿತ್ತು. ಅದು ಹೊರಬಂದ ಮೇಲೆ 'ಇದು ಬರೀ ಹುಡುಗರ ನೆನಪು' ಎನ್ನುವುದು ಕಷ್ಟವಾಯಿತು.

ನಿಷ್ಠ ಗುಲಾಮನ ಕಥೆಯನ್ನು ಕಲ್ಲಿನಲ್ಲೂ ಕೆತ್ತಿಸಿದರು. ಹಾರ್ಪರ್ಸ್ ಫೆರಿಯಲ್ಲಿ 1859ರಲ್ಲಿ ಜಾನ್ ಬ್ರೌನ್ ಗುಲಾಮಗಿರಿಯ ವಿರುದ್ಧ ದಾಳಿ ನಡೆಸಿದಾಗ ಅವನ ಕಡೆಯವರ ಗುಂಡಿಗೆ ಮೊದಲು ಸತ್ತದ್ದು ಹೇವರ್ಡ್ ಶೆಫರ್ಡ್. ರೈಲು ನಿಲ್ದಾಣದಲ್ಲಿ ಸಾಮಾನು ನೋಡಿಕೊಳ್ಳುತ್ತಿದ್ದ ಕಪ್ಪು ಮನುಷ್ಯ. ಅವನು ಗುಲಾಮನೇ ಅಲ್ಲ, ಸ್ವತಂತ್ರ. ಆದರೂ 1931ರಲ್ಲಿ ಯುಡಿಸಿ ಮತ್ತು ಸನ್ಸ್ ಸಂಘಗಳು ಸೇರಿ, ಕಪ್ಪು ಜನರ ನಿಷ್ಠೆಗೆ ಮಾದರಿ ಎಂದು ಅವನ ಹೆಸರಲ್ಲಿ ಕಲ್ಲು ನಿಲ್ಲಿಸಿದವು. ಅನಾವರಣದ ದಿನ ಅಲ್ಲಿನ ಸ್ಟೋರರ್ ಕಾಲೇಜಿನ ಸಂಗೀತ ನಿರ್ದೇಶಕಿ ಪರ್ಲ್ ಟ್ಯಾಟನ್ ಹಾಡಿಸಲು ಎದ್ದು ನಿಂತರು. ಹಾಡಿಗೆ ಮುಂಚೆ, ನಾನು (ಉತ್ತರದ ಸೈನ್ಯದ) ನೀಲಿ ಸಮವಸ್ತ್ರ ತೊಟ್ಟು ನನ್ನ ಜನರ ಬಿಡುಗಡೆಗೆ ಹೋರಾಡಿದ ಸೈನಿಕನ ಮಗಳು ಎಂದು ಎಲ್ಲರೆದುರು ಹೇಳಿದರು. ಈ ಇಡೀ ಇತಿಹಾಸದಲ್ಲಿ ನನಗೆ ಅತ್ಯಂತ ಗೌರವ ಮೂಡಿಸುವ ಗಳಿಗೆ ಅದು. ಕಪ್ಪು ಜನ ಈ ಕಥೆಯನ್ನು ಒಪ್ಪಿ ಸುಮ್ನೆ ಕೂತಿದ್ದ ಕಾಲವೇ ಇಲ್ಲ. 1890ರಲ್ಲಿ ರಿಚ್ಮಂಡಿನಲ್ಲಿ ಲೀಯ ದೊಡ್ಡ ಪ್ರತಿಮೆ ಎದ್ದಾಗ ಅಲ್ಲಿನ ಕಪ್ಪು ಜನರ ಪತ್ರಿಕೆಯ ಸಂಪಾದಕ ಜಾನ್ ಮಿಚೆಲ್, ಇದನ್ನು ನಿಲ್ಲಿಸಲು ದುಡಿದವರು ನಮ್ಮವರೇ, ಕಾಲ ಬಂದರೆ ಇಳಿಸಲೂ ನಮ್ಮವರು ಇರುತ್ತಾರೆ ಎಂದು ಬರೆದಿದ್ದರು. 2021ರ ಸೆಪ್ಟೆಂಬರ್ 8ರಂದು ಅದನ್ನು ಇಳಿಸಿದ ಕಂಪನಿಯ ಮಾಲೀಕ ಕಪ್ಪು ಗುತ್ತಿಗೆದಾರ.

2015ರಲ್ಲಿ ಚಾರ್ಲ್ಸ್‌ಟನ್ ಚರ್ಚಿನಲ್ಲಿ ಕಾನ್ಫೆಡರೇಟ್ ಬಾವುಟದ ಅಭಿಮಾನಿಯೊಬ್ಬ ಒಂಬತ್ತು ಮಂದಿ ಕಪ್ಪು ಭಕ್ತರನ್ನು ಕೊಂದ ಮೇಲೆ ಬಾವುಟ, ಪ್ರತಿಮೆಗಳ ಜಗಳ ಬೀದಿಗೆ ಬಂತು. ಸೈಲೆಂಟ್ ಸ್ಯಾಮ್‌ನನ್ನು 2018ರ ಆಗಸ್ಟ್ 20ರ ರಾತ್ರಿ ಪ್ರತಿಭಟನಾಕಾರರು ಹಗ್ಗ ಹಾಕಿ ಎಳೆದು ಬೀಳಿಸಿದರು. ಮರುವರ್ಷ ವಿಶ್ವವಿದ್ಯಾಲಯ ವ್ಯವಸ್ಥೆಯವರು ಆ ಪ್ರತಿಮೆಯನ್ನೂ ಅದರ ಪಾಲನೆಗೆ 25 ಲಕ್ಷ ಡಾಲರನ್ನೂ ಸನ್ಸ್ ಸಂಘಕ್ಕೆ ಕೊಡಲು ಒಪ್ಪಂದ ಮಾಡಿಕೊಂಡರು. 2020ರ ಫೆಬ್ರವರಿಯಲ್ಲಿ ನ್ಯಾಯಾಧೀಶರು ಅದನ್ನು ರದ್ದು ಮಾಡಿದರು.

ಈ ಸಂಘಗಳು ಇವತ್ತೂ ಇವೆ. ಗೋರಿ ಶುಚಿ ಮಾಡುತ್ತವೆ, ಬಾವುಟ ಇಡುತ್ತವೆ, ಇದು ದ್ವೇಷವಲ್ಲ ಪರಂಪರೆ ಎನ್ನುತ್ತವೆ. ಅಜ್ಜನ ಅಜ್ಜನ ಗೋರಿಗೆ ಹೂವಿಡುವವರ ಕೈ ಹಿಡಿಯುವುದು ನನಗೆ ಬೇಡ. ಸ್ಮಶಾನದ ಕಲ್ಲು ಸ್ಮಶಾನದಲ್ಲೇ ಇರಲಿ. ಆದರೆ ದಕ್ಷಿಣದ ಪರಂಪರೆ ಎಂದರೆ ಯಾರದು? 1860ರಲ್ಲಿ ಮಿಸ್ಸಿಸ್ಸಿಪ್ಪಿ ಮತ್ತು ದಕ್ಷಿಣ ಕೆರೊಲಿನಾದಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಗುಲಾಮರೇ ಆಗಿದ್ದರು.

ಯುಡಿಸಿ ದುಡ್ಡು ಹಾಕಿ 1914ರಲ್ಲಿ ಆರ್ಲಿಂಗ್ಟನ್ ರಾಷ್ಟ್ರೀಯ ಸ್ಮಶಾನದಲ್ಲಿ ನಿಲ್ಲಿಸಿದ ಸ್ಮಾರಕವೊಂದಿದೆ. ಅದರ ಸುತ್ತಲಿನ ಕೆತ್ತನೆಯಲ್ಲಿ ಯುದ್ಧಕ್ಕೆ ಹೊರಟ ಬಿಳಿ ಅಧಿಕಾರಿಯ ಮಗುವನ್ನು ಎತ್ತಿಕೊಂಡ ಕಪ್ಪು ದಾದಿ ಇದ್ದಾಳೆ. 2023ರ ಡಿಸೆಂಬರ್‌ನಲ್ಲಿ ಅದನ್ನು ಬಿಚ್ಚಿ ತೆಗೆದರು. 2025ರ ಆಗಸ್ಟ್‌ನಲ್ಲಿ ಅಮೆರಿಕದ ರಕ್ಷಣಾ ಮಂತ್ರಿ ಅದನ್ನು ಮತ್ತೆ ಅಲ್ಲೇ ನಿಲ್ಲಿಸುವುದಾಗಿ ಹೇಳಿದರು. ನಿಲ್ಲಿಸುವುದೇ ಆದರೆ ಪಕ್ಕದಲ್ಲಿ ಆ ದಾದಿಯ ಬಗ್ಗೆ ಒಂದು ಫಲಕ ಇರಲೇಬೇಕು: ಅವಳಿಗೆ ಕೂಲಿ ಇರಲಿಲ್ಲ, ಕೆಲಸ ಬಿಟ್ಟು ಹೋಗುವ ಹಕ್ಕಿರಲಿಲ್ಲ, ಅವಳು ಹೆತ್ತ ಮಕ್ಕಳನ್ನು ಮಾರುವ ಹಕ್ಕು ಆ ಅಧಿಕಾರಿಗಿತ್ತು.