ವ್ಯಸನ ಬೇರೆ, ಚಟ ಬೇರೆ

ಹೋದ ತಿಂಗಳು ತುಮಕೂರಿನ ಬಟವಾಡಿಯಲ್ಲಿ ನೆಂಟರ ಮನೆ ಗೃಹಪ್ರವೇಶ. ಪಂಕ್ತೀಲಿ ಪಕ್ಕ ಕೂತಿದ್ದ ಹಿರಿಯರೊಬ್ರು ತೂಕ ಇಳಿಸೋಕೆ ಹೊಟ್ಟೆ ಆಪರೇಷನ್ ಮಾಡಿಸ್ಕೊಂಡು ಆಮೇಲೆ ಕುಡಿತಕ್ಕೆ ಬಿದ್ದಿದ್ದ ನಮ್ಮ ದೊಡ್ಡಪ್ಪನ ಮಗನ ಕಡೆ ನೋಡಿ "ತಿನ್ನೋ ಚಟ ಹೋಯ್ತು, ಕುಡಿಯೋ ಚಟ ಬಂತು, ಚಟ ಟ್ರಾನ್ಸ್‌ಫರ್ ಆಯ್ತು ಅಷ್ಟೆ" ಅಂದ್ರು. ಇದೇ ಮಾತನ್ನ ವಾಟ್ಸಾಪಲ್ಲೂ ಓದಿದೀನಿ, ಆರೋಗ್ಯದ ಅಂಕಣಗಳಲ್ಲೂ ಓದಿದೀನಿ. "ಮದ್ಯವ್ಯಸನ ಅಂದ್ರೆ ಕುಡಿತದ ಚಟ" ಅಂತ ಬರೆದು ಮುಂದಕ್ಕೆ ಹೋಗಿಬಿಡ್ತಾರೆ. ಸಾಕಾಗಿದೆ ನಂಗೆ.

ಚಟ ಅನ್ನೋ ಪದದ ಜೊತೆ ಯಾವ ಕ್ರಿಯಾಪದ ಬರುತ್ತೆ ಗಮನಿಸಿ. "ಹತ್ತಿಸ್ಕೊಂಡ", "ಕಲ್ತ್ಕೊಂಡ", "ತೀರಿಸ್ಕೊಂಡ". ಎಲ್ಲದರಲ್ಲೂ ಆ "ಕೊಂಡ" ಇದೆ, ಅಂದ್ರೆ ಅವನೇ ಕೈಯಾರೆ ಮಾಡ್ಕೊಂಡಿದ್ದು ಅಂತ ಪದವೇ ತೀರ್ಪು ಕೊಟ್ಟಾಗಿರುತ್ತೆ. ವ್ಯಸನ ಹಾಗಲ್ಲ. ಸಂಸ್ಕೃತದಲ್ಲಿ "ಅಸ್" ಅಂದ್ರೆ ಎಸೆ, "ವಿ" ಸೇರಿದ್ರೆ ಚೆಲ್ಲಾಪಿಲ್ಲಿಯಾಗಿ ಎಸೆ, ದೂರಕ್ಕೆ ಎಸೆ. ಕೌಟಿಲ್ಯನ ಅರ್ಥಶಾಸ್ತ್ರದ 8ನೇ ಅಧಿಕರಣ ಪೂರ್ತಿ ವ್ಯಸನಗಳ ಬಗ್ಗೇನೇ ಇದೆ, ಅಲ್ಲಿ ಕೊಡೋ ಅರ್ಥ ಏನಂದ್ರೆ ಮನುಷ್ಯನನ್ನ ಶ್ರೇಯಸ್ಸಿನಿಂದ ಆಚೆಗೆ ಎಸೆಯುತ್ತೆ, ಅದಕ್ಕೇ ಅದು ವ್ಯಸನ. ಜೂಜು, ಕುಡಿತ ಅದರಲ್ಲಿ ಬರ್ತಾವೆ ನಿಜ, ಆದ್ರೆ ಬೆಂಕಿ, ನೆರೆ, ರೋಗ, ಬರಗಾಲ ಕೂಡ ಅದೇ ಪಟ್ಟೀಲಿ ಇದಾವೆ, ಬರಗಾಲವನ್ನ ಯಾರೂ ಹತ್ತಿಸ್ಕೊಳ್ಳಲ್ಲ ಅಲ್ವಾ. ಸಪ್ತವ್ಯಸನ ಅನ್ನೋ ಒಂದೇ ಪಟ್ಟಿ ಬಾಯಿಗೆ ಬಂದು ಬಂದು ಈ ಅರ್ಥ ಮರೆತೇ ಹೋಗಿದೆ.

ಇನ್ನೊಂದು ಅರ್ಥ ನಮ್ಮನೇಲೇ ಇತ್ತು. ಕುಣಿಗಲ್ ಕಡೆಯ ನಮ್ಮಜ್ಜಿ ಯಾರಾದ್ರೂ ಮುಖ ಬಾಡಿಸ್ಕೊಂಡು ಕೂತ್ರೆ "ಯಾಕ್ ಮಗಾ, ಯಸನ ಮಾಡ್ಬ್ಯಾಡ" ಅಂತಿದ್ರು. ಯಸನ ಅಂದ್ರೆ ವ್ಯಸನವೇ, ಅಂದ್ರೆ ದುಃಖ, ಮನಸ್ಸಿಗೆ ಹತ್ತಿದ ನೋವು. ಹಳೇ ಕಾಗದಗಳಲ್ಲೂ "ವಿಷಯ ತಿಳಿದು ಬಹಳ ವ್ಯಸನವಾಯಿತು" ಅಂತ ಇರೋದು. ಕುಡಿತವನ್ನೂ ದುಃಖವನ್ನೂ ಒಂದೇ ಮಾತಲ್ಲಿ ಹೇಳೋ ಪದ ಕೈಲಿದ್ದೂ ಚಟ ಅಂತೀವಲ್ಲ, ಅದೇ ನನ್ನ ತಕರಾರು.

ಈಗ ಆ "ಟ್ರಾನ್ಸ್‌ಫರ್" ವಿಷಯ. ನಮ್ಮಣ್ಣ, ಅದೇ ದೊಡ್ಡಪ್ಪನ ಮಗ, 138 ಕೆಜಿ ಇದ್ದ, ಶುಗರ್ ಬೇರೆ. ಬೆಂಗಳೂರಲ್ಲಿ ಗ್ಯಾಸ್ಟ್ರಿಕ್ ಬೈಪಾಸ್ ಅನ್ನೋ ತೂಕ ಇಳಿಸೋ ಆಪರೇಷನ್ ಮಾಡಿಸ್ಕೊಂಡ. ಮುಂಚೆ ಅವನು ಕುಡೀತಿದ್ದಿದ್ದು ಹೊಸ್ತೊಡಕಿನ ಬಾಡೂಟಕ್ಕೆ ಒಂದು ಬಿಯರ್, ಅಷ್ಟೆ. ಆಪರೇಷನ್ ಆಗಿ ಎರಡನೇ ವರ್ಷಕ್ಕೆ ದಿನಾ ಕ್ವಾರ್ಟರ್ ಆಗಿತ್ತು. ಬೈಪಾಸಲ್ಲಿ ಹೊಟ್ಟೆಯ ಮೇಲ್ಭಾಗದಲ್ಲಿ ಸುಮಾರು 30 ಎಂಎಲ್ ಹಿಡಿಯೋ ಚೀಲ ಮಾತ್ರ ಉಳಿಸಿ ಅದನ್ನ ನೇರ ಸಣ್ಣ ಕರುಳಿಗೆ ಜೋಡಿಸ್ತಾರೆ. ಮಾಮೂಲಿ ಹೊಟ್ಟೇಲಿ ಎಣ್ಣೆ ಸ್ವಲ್ಪ ಹೊತ್ತು ನಿಂತು ನಿಧಾನಕ್ಕೆ ಇಳಿಯುತ್ತೆ, ಇಲ್ಲಿ ನಿಲ್ಲೋಕೆ ಜಾಗ ಇಲ್ಲ, ಕೆಲವೇ ನಿಮಿಷದಲ್ಲಿ ರಕ್ತಕ್ಕೆ ಏರುತ್ತೆ, ಜಾಸ್ತಿ ಏರುತ್ತೆ. "ನೈಂಟಿ ಹಾಕಿದ್ರೆ ಸ್ವಿಚ್ ಒತ್ತಿದಂಗೆ ಆಗೋದು ಕಣೋ" ಅಂತಿದ್ದ. ಅಷ್ಟು ಬೇಗ, ಅಷ್ಟು ಜೋರಾಗಿ ಏರೋದನ್ನ ಮೆದುಳು ಬಿಡದೆ ಮತ್ತೆ ಮತ್ತೆ ಕೇಳುತ್ತೆ.

ಚಟ ಜಾಗ ಬದಲಾಯಿಸಿತು ಅನ್ನೋದೇ ನಿಜ ಆಗಿದ್ರೆ ಊಟ ಕಮ್ಮಿಯಾದ ಮೊದಲ ತಿಂಗಳುಗಳಲ್ಲೇ ಕುಡಿತ ಏರಬೇಕಿತ್ತು. ಇಂಥ ಆಪರೇಷನ್ ಆದವರ ಮೇಲೆ ಅಮೆರಿಕದಲ್ಲಿ 2012ರಲ್ಲಿ ಬಂದ ದೊಡ್ಡ ಅಧ್ಯಯನದಲ್ಲಿ ಮೊದಲ ವರ್ಷ ಏರಿಕೆ ಇಲ್ಲ, ಎರಡನೇ ವರ್ಷದಲ್ಲಿ ಏರಿಕೆ. ಅದೇ ಜನರನ್ನ ಮುಂದುವರಿಸಿ ನೋಡಿ 2017ರಲ್ಲಿ ಬರೆದರು: ಆಪರೇಷನ್‌ಗೆ ಮುಂಚಿನ ವರ್ಷ ಕುಡಿತದ ತೊಂದರೆ ಇಲ್ಲದಿದ್ದವರಲ್ಲಿ, ಬೈಪಾಸ್ ಆದ 100 ಜನಕ್ಕೆ ಸುಮಾರು 21 ಜನರಿಗೆ 5 ವರ್ಷದೊಳಗೆ ತೊಂದರೆಯ ಲಕ್ಷಣ ಬಂತು, ಕರುಳಿನ ಜೋಡಣೆ ಮುಟ್ಟದೆ ಹೊಟ್ಟೆಯ ಮೇಲ್ಭಾಗಕ್ಕೆ ಬರೀ ಬಿಗಿಪಟ್ಟಿ, ಅಂದ್ರೆ ಬ್ಯಾಂಡ್, ಹಾಕಿಸ್ಕೊಂಡವರಲ್ಲಿ ಸುಮಾರು 11. ಬ್ಯಾಂಡ್ ಹಾಕಿಸ್ಕೊಂಡವರೂ ಊಟ ಕಮ್ಮಿ ಮಾಡಿದವರೇ ತಾನೆ, ಅವರಲ್ಲಿ ಯಾಕೆ ಅರ್ಧ? ಮನಸ್ಸಿನ ಪಾಲು ಇಲ್ಲ ಅಂತಲ್ಲ. ಸಿಗರೇಟು ಸೇದೋರು, ಚಿಕ್ಕ ವಯಸ್ಸಿನವರು, ಗಂಡಸರು, ಮುಂಚಿಂದ ಕುಡೀತಿದ್ದೋರು, ಇವರಿಗೆ ಅಪಾಯ ಜಾಸ್ತಿ. ಆದ್ರೆ ಕೊಳವೆ ಜೋಡಣೆ ಬದಲಾಗಿದ್ದನ್ನ ಬಿಟ್ಟು ಬರೀ ಬುದ್ಧಿ ಹೇಳಿದ್ರೆ ಏನೂ ಆಗಲ್ಲ.

ಬುದ್ಧಿ ಹೇಳಿದ್ದಕ್ಕೇನೂ ಕಮ್ಮಿ ಇರ್ಲಿಲ್ಲ. "ಹುಟ್ಟುಗುಣ ಸುಟ್ಟರೂ ಹೋಗಲ್ಲ" ಅಂದವರಿದ್ರು. ಒಬ್ರು ರೂಮಲ್ಲಿ ಕೂಡಿ ಹಾಕಿ ಬಿಡಿಸಿ ಅಂದ್ರು. ದಿನಾ ಕುಡಿಯೋರಿಗೆ ಒಮ್ಮೆಲೇ ನಿಲ್ಲಿಸಿದ್ರೆ ಫಿಟ್ಸ್ ಬರಬಹುದು, ಪ್ರಾಣವೇ ಹೋಗಬಹುದು, ಅದಕ್ಕೆ ಡಾಕ್ಟರ ಕಣ್ಣಮುಂದೆ ಮಾತ್ರೆ ಕೊಟ್ಟು ನಿಲ್ಲಿಸಬೇಕು. ಇನ್ನೊಬ್ರು ಗೊತ್ತಾಗದ ಹಾಗೆ ಸಾರಲ್ಲಿ ಬೆರೆಸೋ ಪುಡಿ ತಂದುಕೊಟ್ರು, ಅತ್ತಿಗೆ ಅದನ್ನ ಎಸೆದಿದ್ದು ಒಳ್ಳೇದಾಯ್ತು.

ಆಮೇಲೆ ಒಂದಿನ ನಡಿಗೆ ತೂರಾಡೋಕೆ ಶುರುವಾಯ್ತು, ಒಂದು ವಸ್ತು ಎರಡಾಗಿ ಕಾಣ್ತಿತ್ತು, ಮಾತು ಗೊಂದಲ. ಮನೆಯವರೆಲ್ಲ ಕುಡಿದಿದಾನೆ ಅಂದ್ಕೊಂಡ್ವಿ, ನಾನೂ. ಅವತ್ತು ಅವನು ಕುಡಿದಿರ್ಲಿಲ್ಲ. ವಿಟಮಿನ್ ಬಿ1 ಖಾಲಿಯಾಗಿತ್ತು. ಬೈಪಾಸ್ ಆದವರಿಗೆ ಅದು ಮೊದಲೇ ಕಮ್ಮಿಯಾಗೋ ಸಾಧ್ಯತೆ ಇರುತ್ತೆ, ಕುಡಿತ ಸೇರಿದ್ರೆ ಇನ್ನೂ ಕಮ್ಮಿ, ತಡ ಮಾಡಿದ್ರೆ ನೆನಪಿನ ಶಕ್ತಿ ವಾಪಸ್ ಬರದೆ ಹೋಗಬಹುದು. ಇಂಜೆಕ್ಷನ್ ಕೊಟ್ಟ ಮೇಲೆ ಕಣ್ಣು ಸರಿಹೋಯ್ತು. ಅಲ್ಲಿಂದ ಮನೋವೈದ್ಯರು, ಕಡುಬಯಕೆ ತಗ್ಗಿಸೋ ಮಾತ್ರೆ, ವಾರಕ್ಕೆರಡು ಸಲ ಬಿಟ್ಟವರ ಗುಂಪಿನ ಮೀಟಿಂಗು. ನಡುವೆ ಒಂದು ಸಲ ಜಾರಿದ, ಮತ್ತೆ ಹೋದ. ಈಗ ಕುಡಿತ ಬಿಟ್ಟು 14 ತಿಂಗಳಾಯ್ತು. ಬೆಂಗಳೂರಲ್ಲಿ ನಿಮ್ಹಾನ್ಸ್‌ನಲ್ಲಿ ಇದಕ್ಕೇ ಪ್ರತ್ಯೇಕ ವಿಭಾಗ ಇದೆ, ಹೋಗೋಕೆ ಆಗದಿದ್ರೆ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ನಾವು ಮೊದಲು ತೋರಿಸಿದ ಡಾಕ್ಟರಿಗೆ ಬೈಪಾಸ್ ಆಗಿದ್ದನ್ನ ಹೇಳಿರ್ಲೇ ಇಲ್ಲ. ಕುಡಿತದ ಚಟಕ್ಕೂ ಹೊಟ್ಟೆ ಆಪರೇಷನ್‌ಗೂ ಏನು ಸಂಬಂಧ ಅಂದ್ಕೊಂಡಿದ್ವಿ, ನಾಲ್ಕು ತಿಂಗಳು ಹಾಗೇ ಹೋಯ್ತು. ಈಗ ಅಣ್ಣ ಪರ್ಸಲ್ಲಿ ಒಂದು ಚೀಟಿ ಇಟ್ಕೊಂಡಿರ್ತಾನೆ, ಅವನದೇ ಕೈಬರಹ: "ಬೈಪಾಸ್ ಆಗಿದೆ. ಮದ್ಯವ್ಯಸನ ಇತ್ತು. ತೂರಾಡಿದ್ರೆ ಕುಡಿದಿದೀನಿ ಅಂದ್ಕೋಬೇಡಿ, ಮೊದಲು ಬಿ1 ನೋಡಿ."