ಪದ ಪರಿಚಯ: ಬಾವುಟಗುಡ್ಡೆ

ಮಂಗಳೂರಿನ ಹಂಪನಕಟ್ಟೆಯಿಂದ ಜ್ಯೋತಿ ಕಡೆಗೆ ಹೋಗುವಾಗ ಸಂತ ಅಲೋಶಿಯಸ್ ಕಾಲೇಜಿನ ಬಳಿ ಸಿಗುವ ಏರೇ ಬಾವುಟಗುಡ್ಡೆ. ಈದ್ಗಾ, ಟಾಗೋರ್ ಪಾರ್ಕ್, ಅದರೊಳಗಿನ ಹಳೆಯ ದೀಪಸ್ತಂಭ ಎಲ್ಲವೂ ಇಲ್ಲೇ. ಇಂಗ್ಲಿಷಿನವರ ಬಾಯಲ್ಲಿ ಇದು ಲೈಟ್‌ಹೌಸ್ ಹಿಲ್.

ಘಟ್ಟದ ಮೇಲಿನವರಿಗೆ ಗುಡ್ಡೆ ಎಂದರೆ ರಾಶಿ, ಕರಾವಳಿಯವರಿಗೆ ಗುಡ್ಡ. ಇಲ್ಲಿ ಗಮನಿಸಬೇಕಾದದ್ದು ಬಾವುಟ. ಮರಾಠಿಯಲ್ಲಿ ಬಾವಟಾ, ತೆಲುಗಿನಲ್ಲಿ ಬಾವುಟಾ ಎಂದು ಇದೇ ಪದ ಇದೆ. ತುಳುವರಿಗೆ ದೇವಸ್ಥಾನದ ಧ್ವಜ 'ಕೊಡಿ'. ಕೊಡಿ ಏರಿದರೆ ಜಾತ್ರೆ ಶುರು. ಈ ಗುಡ್ಡ 'ಕೊಡಿಗುಡ್ಡೆ' ಆಗಲಿಲ್ಲ. ಅಂದರೆ ಇಲ್ಲಿ ಹಾರಿದ್ದು ದೇವರ ಧ್ವಜವಲ್ಲ, ಆಳುವವರದ್ದು.

ಯಾರದ್ದು ಎಂಬಲ್ಲಿಗೆ ತಕರಾರು ಶುರು. ಒಂದು ವಾದ ದಂಗೆಯದು. 1834ರಲ್ಲಿ ಕೊಡಗನ್ನು ವಶಪಡಿಸಿಕೊಂಡ ಕಂಪನಿ ಸರ್ಕಾರ ಅಮರ ಮತ್ತು ಸುಳ್ಯ ಮಾಗಣೆಗಳನ್ನು (ಹಳ್ಳಿಗಳ ಗುಂಪು) ಮಂಗಳೂರು ಕೇಂದ್ರವಾಗಿದ್ದ ಕೆನರಾ ಜಿಲ್ಲೆಗೆ ಸೇರಿಸಿತು. ಬೆಳೆಯ ರೂಪದಲ್ಲಿ ಕೊಡುತ್ತಿದ್ದ ಕಂದಾಯವನ್ನು ನಗದಿನಲ್ಲೇ ಕಟ್ಟಬೇಕಾಯಿತು. ಕೈಯಲ್ಲಿ ಅಕ್ಕಿ ಇದ್ದು ಕಾಸಿಲ್ಲದ ರೈತನಿಗೆ ಇದು ಕುತ್ತಿಗೆಗೆ ಬಂತು. ಕೆದಂಬಾಡಿ ರಾಮಯ್ಯ ಗೌಡರ ಮುಂದಾಳತ್ವದಲ್ಲಿ, ಕೊಡಗಿನ ಅರಸು ಮನೆತನದವನೆನ್ನಲಾದ ಕಲ್ಯಾಣಸ್ವಾಮಿಯ (ಕಲ್ಯಾಣಪ್ಪ) ಹೆಸರಿನಲ್ಲಿ ಹೊರಟ ದಂಡು 1837ರ ಏಪ್ರಿಲ್ 5ರಂದು ಮಂಗಳೂರು ಹಿಡಿಯಿತು. ಕಂಪನಿಯ ಬಾವುಟ ಇಳಿಸಿ ತಮ್ಮದನ್ನು ಈ ಗುಡ್ಡದ ಮೇಲೆ ಏರಿಸಿದರು, ಹೆಸರು ಬಂದದ್ದು ಹೀಗೆ ಎಂಬುದು ಜನಜನಿತ ಮಾತು. ಆಳಿದ್ದು 13 ದಿನ ಎಂಬುದು ರೂಢಿಯ ಲೆಕ್ಕ. ಆಮೇಲೆ ಕಣ್ಣೂರು, ತಲಶ್ಶೇರಿ ಕಡೆಯ ಸೇನೆ ಬಂದು ದಂಗೆಯನ್ನು ಅಡಗಿಸಿತು, ನೇಣುಗಳಾದವು.

ಇನ್ನೊಂದು ವಾದ ಬಂದರಿನದು. ಅಳಿವೆಯ ಮರಳದಿಣ್ಣೆಯಿಂದಾಗಿ ದೊಡ್ಡ ಹಡಗುಗಳು ಹಳೆ ಬಂದರಿನ ಒಳಗೆ ಬರಲಾರದೆ ಹೊರಗೇ ಲಂಗರು ಹಾಕುತ್ತಿದ್ದವು. ಅವಕ್ಕೆ ಹಗಲಲ್ಲಿ ಬಾವುಟ, ಇರುಳಲ್ಲಿ ದೀಪ. ಎರಡಕ್ಕೂ ಎತ್ತರದ ಜಾಗವೇ ಬೇಕು. ಹಾಗಾಗಿ ಬಾವುಟಗುಡ್ಡೆ, ಲೈಟ್‌ಹೌಸ್ ಹಿಲ್ ಎರಡೂ ಒಂದೇ ಕೆಲಸದ ಎರಡು ಹೆಸರು ಎನ್ನುತ್ತದೆ ಈ ವಾದ. ದೀಪಸ್ತಂಭದ ಹುಟ್ಟೂ ಜಗಳದ್ದೇ: ಹೈದರ್ ಅಲಿ ಕಟ್ಟಿಸಿದ್ದೆಂದು ಕೆಲವರು, ಬ್ರಿಟಿಷರದೆಂದು ಕೆಲವರು.

ಈ ಎರಡನ್ನೂ ಎದುರುಬದುರು ನಿಲ್ಲಿಸಬೇಕಾಗಿಲ್ಲ. ದಂಗೆಯ ಕಥೆಯೇ 'ಇಳಿಸಿದರು' ಎನ್ನುತ್ತದಲ್ಲ? ಇಳಿಸಲು ಕಂಬವೂ ಬಾವುಟವೂ ಮೊದಲೇ ಇರಬೇಕು. ಪೇಟೆಗೂ ಕಡಲಿಗೂ ಕಾಣುವ ಕಂಬವಾದ್ದರಿಂದಲೇ ಬದಲಾದ ಬಾವುಟಕ್ಕೆ ಅಷ್ಟು ಬೆಲೆ. ಹೆಸರು ಹಳೆಯದಿರಬಹುದು, ನೆನಪು 1837ರದು.

ಈ ಕಥೆ ಹೇಳುವವರು ತಪ್ಪುವುದು ಮುಖ್ಯವಾಗಿ ಎರಡು ಕಡೆ. ಅಂದು ಹಾರಿದ್ದು ತ್ರಿವರ್ಣವಲ್ಲ. ಅದು ರಾಷ್ಟ್ರಧ್ವಜವಾಗಿ ಅಂಗೀಕಾರವಾದದ್ದು 1947ರ ಜುಲೈ 22ರಂದು. ದಂಗೆಯನ್ನು 1857ಕ್ಕೆ ಜೋಡಿಸುವುದೂ ಸಲ್ಲ, ಇದು 20 ವರ್ಷ ಮೊದಲಿನದು. 'ಕಲ್ಯಾಣಪ್ಪನ ಕಾಟಕಾಯಿ' ಎಂಬ ಹಳೆಯ ಹೆಸರಿನಲ್ಲಿ ಲೂಟಿಯ ಅರ್ಥವಿದೆ. ಅದು ದಂಗೆಗೆ ಹೆದರಿದವರು ಇಟ್ಟ ಹೆಸರಿನಂತೆ ಕೇಳುತ್ತದೆ. ಈಗ ಅಮರ ಸುಳ್ಯ ದಂಗೆ ಎನ್ನುವುದೇ ರೂಢಿ. ರಾಮಯ್ಯ ಗೌಡರ ಕಂಚಿನ ಪ್ರತಿಮೆ 2022ರ ನವೆಂಬರಿನಲ್ಲಿ ಇದೇ ಬಾವುಟಗುಡ್ಡೆಯಲ್ಲಿ ಅನಾವರಣಗೊಂಡಿತು.